ಹೊಸ ಪಿಕಪ್ ಹಾಕಿದ ಮೇಲೆ ಗಿಟಾರ್ ಗುಂಯ್ ಅನ್ನುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಾನು ಚಿತ್ರದುರ್ಗದವನು. ಒಂದು ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ನನ್ನದು ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್, ತಂತಿಯ ದನಿ ಹಿಡಿಯುವ ಪಿಕಪ್ ಮೂರಿವೆ. ತಂತಿ ಕೂರುವ ಬ್ರಿಡ್ಜ್ ಹತ್ತಿರ ಎರಡು ಸುರುಳಿಯ ಹಂಬಕರ್, ಮಧ್ಯದಲ್ಲಿ ಮತ್ತು ನೆಕ್ (ಕುತ್ತಿಗೆ) ಹತ್ತಿರ ಒಂದೇ ಸುರುಳಿಯ ಒಂದೊಂದು ಸಿಂಗಲ್ ಕಾಯಿಲ್. ಹಳೇ ಪಿಕಪ್ ತೆಗೆದು ಮೂರನ್ನೂ ನಾನೇ ಬದಲಿಸಿದೆ. ಹಂಬಕರ್ ಸೆಕೆಂಡ್ ಹ್ಯಾಂಡ್, ಡಿಮಾರ್ಜಿಯೊ ಕಂಪನಿಯದು, ಅದರ ಜೊತೆ ಕಾಗದ ಏನೂ ಬಂದಿರಲಿಲ್ಲ. ನೆಟ್‌ನಲ್ಲಿ ಸಿಕ್ಕ ಚಿತ್ರ ನೋಡಿ ಕಪ್ಪು ವೈರ್ ಸ್ವಿಚ್ಚಿಗೆ ಹಾಕಿದೆ, ಬಿಳಿ ಮತ್ತು ಕೆಂಪು ಸೇರಿಸಿ ಟೇಪ್ ಸುತ್ತಿದೆ, ಹಸಿರು ಮತ್ತು ಹೊದಿಕೆ ಇಲ್ಲದ ಬರಿ ವೈರನ್ನು ಗ್ರೌಂಡಿಗೆ ಕೊಟ್ಟೆ. ಸಿಂಗಲ್ ಕಾಯಿಲ್ ಎರಡೂ ಬೇರೆ ಬೇರೆ ಕಂಪನಿಯವು. 25 ವ್ಯಾಟ್‌ನ ಐರನ್‌ನಲ್ಲಿ ಬೆಸುಗೆ ಹಾಕಿದ್ದು. ಈಗ ಮೊದಲಿಗಿಂತ ಜಾಸ್ತಿ ಗುಂಯ್ ಅನ್ನುತ್ತದೆ. ಹಂಬಕರ್ ದನಿ ತೆಳ್ಳಗೆ ಬರುತ್ತದೆ, ಸದ್ದೂ ಮಾಡುತ್ತದೆ. ನೆಕ್ ಮತ್ತು ಮಧ್ಯದ ಪಿಕಪ್ ಸೇರುವ, ಸ್ವಿಚ್ಚಿನ ನಾಲ್ಕನೇ ಸ್ಥಾನದಲ್ಲಿ ಮೂಗಿನ ದನಿ, ಅಲ್ಲೂ ಸದ್ದು ಕಮ್ಮಿಯಾಗುವುದಿಲ್ಲ. ತಂತಿ ಮುಟ್ಟಿದರೆ ಕೆಲವೊಮ್ಮೆ ಸದ್ದು ಇಳಿಯುತ್ತದೆ, ಕೆಲವೊಮ್ಮೆ ಇಲ್ಲ. ಸ್ವರ ಬಾಗಿಸುವ ಟ್ರೆಮೊಲೊ ಹಿಡಿ ಒತ್ತಿದರೆ ಚರ್ ಅನ್ನುತ್ತದೆ. ಮನೆಯಲ್ಲಿ ಕಾಟ ಜಾಸ್ತಿ, ಕಲ್ಯಾಣ ಮಂಟಪದಲ್ಲಿ ಒಮ್ಮೊಮ್ಮೆ ಕಮ್ಮಿ. ಪಿಕಪ್ ಡೂಪ್ಲಿಕೇಟ್ ಇರಬೇಕು ಅಂತ ಒಬ್ಬರು, ಒಳಗೆಲ್ಲ ತಾಮ್ರದ ಟೇಪ್ ಅಂಟಿಸು ಅಂತ ಇನ್ನೊಬ್ಬರು, ಆಂಪ್ (ಆಂಪ್ಲಿಫೈಯರ್) ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕು ಅಂತ ಮತ್ತೊಬ್ಬರು ಹೇಳುತ್ತಿದ್ದಾರೆ. ಬೆಸುಗೆ ಹಾಕುವಾಗ ನಾನೇ ಪಿಕಪ್ ಸುಟ್ಟುಬಿಟ್ಟೆನಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಭಯ ಇರುವುದು ಅಲ್ಲೇ ಅಲ್ವಾ. ಪಿಕಪ್ ಸುಟ್ಟಿಲ್ಲ. ಒಳಗಿನ ಸುರುಳಿ ಎಲ್ಲಾದರೂ ತುಂಡಾಗಿದ್ದರೆ ಆ ಪಿಕಪ್‌ನಿಂದ ದನಿಯೇ ಬರುತ್ತಿರಲಿಲ್ಲ, ಬಂದರೂ ತೀರಾ ಕ್ಷೀಣವಾಗಿ ಬರುತ್ತಿತ್ತು. ನಿಮ್ಮ ಮೂರೂ ಪಿಕಪ್ ಮಾತಾಡುತ್ತಿವೆ. ಒಂದಕ್ಕೊಂದು ಎದುರು ಮಾತಾಡುತ್ತಿವೆ, ಅಷ್ಟೆ. ಡೂಪ್ಲಿಕೇಟ್ ಅನ್ನುವ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಅಗ್ಗದ ಪಿಕಪ್ಪನ್ನು ಸರಿಯಾಗಿ ಬೆಸೆದರೆ ತೆಪ್ಪಗಿರುತ್ತದೆ, ದುಬಾರಿ ಪಿಕಪ್ಪನ್ನು ತಪ್ಪಾಗಿ ಬೆಸೆದರೆ ಕಿರುಚುತ್ತದೆ. ಪಿಕಪ್ ಬದಲಿಸಿದ ಮೇಲೆ ಸದ್ದು ಅಂತ ರಿಪೇರಿಗೆ ಬರುವ ಗಿಟಾರ್‌ಗಳಲ್ಲಿ ಪಿಕಪ್ಪೇ ಕೆಟ್ಟಿರುವುದು ಅಪರೂಪ. ಹೆಚ್ಚಿನವು ವೈರಿನ ಮತ್ತು ಬೆಸುಗೆಯ ಕಥೆಗಳೇ.

ನೀವು ಇದನ್ನು ಒಂದೇ ತೊಂದರೆ ಅಂದುಕೊಂಡಿದ್ದೀರಿ. ನಿಮ್ಮ ಪತ್ರ ಓದಿದರೆ ನಾಲ್ಕು ಕಾಣುತ್ತವೆ. ಹಂಬಕರ್‌ನ ವೈರ್ ಬಣ್ಣ ಅದಲುಬದಲಾಗಿದೆ. ನಾಲ್ಕನೇ ಸ್ಥಾನದ ಎರಡು ಪಿಕಪ್ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿವೆ. ಬ್ರಿಡ್ಜಿಗೆ ಹೋಗುವ ಗ್ರೌಂಡ್ ವೈರಿನ ಬೆಸುಗೆ ಗಟ್ಟಿ ಕೂತಿಲ್ಲ. ಇವೆಲ್ಲದರ ಮೇಲೆ ನಿಮ್ಮ ಮನೆಯ ಕರೆಂಟಿನ ಸದ್ದು. ನಾಲ್ಕಕ್ಕೂ ಮದ್ದು ಬೇರೆ. ತಾಮ್ರದ ಟೇಪ್ ಕೊನೆಯದಕ್ಕೆ ಮಾತ್ರ, ಅದೂ ಅರ್ಧಂಬರ್ಧ ಕೆಲಸ ಮಾಡುತ್ತದೆ. ಅದಕ್ಕೇ ದುಡ್ಡು ಖರ್ಚು ಮಾಡುವ ಮೊದಲು ಸದ್ದನ್ನು ಕೂತು ಕೇಳಿ ಅನ್ನುವುದು. ಎಲ್ಲಿಂದ ಬರುತ್ತಿದ್ದೇನೆ ಅಂತ ಅದೇ ಹೇಳುತ್ತದೆ.

ಅದಕ್ಕೂ ಮೊದಲು ಆ ಮೂರನೇ ಪಿನ್ನಿನ ವಿಷಯ. ದಯವಿಟ್ಟು ಕೀಳಬೇಡಿ. ಈ ಸಲಹೆ ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಆಂಪ್ ಮತ್ತು ಸೌಂಡ್ ಮಿಕ್ಸರ್ ಬೇರೆ ಬೇರೆ ಬೋರ್ಡಿನಲ್ಲಿದ್ದು, ಎರಡಕ್ಕೂ ಅರ್ತಿಂಗ್ ಇದ್ದು, ನಡುವೆ ಕೇಬಲ್ ಹೋದರೆ ಗ್ರೌಂಡ್ ಒಂದು ಸುತ್ತು ಹಾಕಿಕೊಳ್ಳುತ್ತದೆ. ಆಗ ಗುಂಯ್ ಅನ್ನುತ್ತದೆ, ಒಂದು ಕಡೆ ಅರ್ತ್ ತಪ್ಪಿಸಿದರೆ ನಿಲ್ಲುತ್ತದೆ. ಆದರೆ ಆ ಪಿನ್ ಇರುವುದು ನಿಮ್ಮ ಜೀವಕ್ಕೆ. ಗಿಟಾರ್ ತಂತಿಯಿಂದ ಬ್ರಿಡ್ಜಿಗೆ, ಅಲ್ಲಿಂದ ಕೇಬಲ್ ಚುಚ್ಚುವ ಜಾಕಿಗೆ, ಕೇಬಲ್ಲಿನ ಹೊರ ಜಾಲರಿಗೆ, ಆಂಪಿನ ಲೋಹದ ಮೈಗೆ, ಕೊನೆಗೆ ಆ ಪಿನ್ನಿನಿಂದ ನೆಲಕ್ಕೆ, ಇಷ್ಟೂ ಒಂದೇ ದಾರಿ. ಪಿನ್ ಕಿತ್ತ ಆಂಪಿನೊಳಗೆ ಯಾವುದೋ ಒಂದು ದಿನ 230 ವೋಲ್ಟ್ ಅದರ ಮೈಗೆ ತಾಗಿದರೆ ಅದು ನೇರ ನಿಮ್ಮ ಬೆರಳಿಗೇ ಬರುತ್ತದೆ. ಎದುರಿಗಿನ ಮೈಕ್ ಸರಿಯಾಗಿ ಅರ್ತ್ ಆಗಿದ್ದು ನಿಮ್ಮ ತುಟಿ ಅದಕ್ಕೆ ತಗುಲಿದರೆ ಕರೆಂಟಿಗೆ ದಾರಿ ಸಿಕ್ಕ ಹಾಗಾಯಿತು. ಸ್ಟೋನ್ ದ ಕ್ರೋಸ್ ಎಂಬ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ 1972ರಲ್ಲಿ ವೇದಿಕೆಯ ಮೇಲೇ ಸತ್ತಿದ್ದು ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ ಶಾಕ್ ಹೊಡೆದು. ಪೆಂಡಾಲಿನಲ್ಲಿ ನೆಲ ಒದ್ದೆ, ಜನರೇಟರ್ ಬೇರೆ, ಎಕ್ಸ್‌ಟೆನ್ಷನ್ ಬೋರ್ಡಿನ ಮೂರನೇ ತೂತಿಗೆ ವೈರೇ ಕೊಟ್ಟಿರುವುದಿಲ್ಲ. ಇಂಥ ಕಡೆ ನುಡಿಸುವವರು ಪಿನ್ ಕೀಳುವುದು ಬೇಡವೇ ಬೇಡ. ಗ್ರೌಂಡ್ ಸುತ್ತಿನ ಸದ್ದಿಗೆ ಗಿಟಾರಿನ ಸಿಗ್ನಲನ್ನು ಮಿಕ್ಸರಿಗೆ ದಾಟಿಸುವ, ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ ಇದೆ. ಅದು ಆಡಿಯೋ ಕಡೆಯ ಗ್ರೌಂಡನ್ನು ಬಿಡಿಸುತ್ತದೆ, ಕರೆಂಟಿನ ಅರ್ತನ್ನು ಮುಟ್ಟುವುದಿಲ್ಲ.

ಈಗ ಕೇಳುವ ಕೆಲಸ. ಗಿಟಾರ್ ಆಂಪಿಗೆ ಹಾಕಿ, ಡಿಸ್ಟಾರ್ಷನ್ ಇಲ್ಲದೆ ವಾಲ್ಯೂಮ್ ಪೂರ್ತಿ ಏರಿಸಿ. ಮೊದಲು ಗಿಟಾರಿನ ವಾಲ್ಯೂಮನ್ನು ಸೊನ್ನೆಗೆ ತನ್ನಿ. ಸದ್ದು ನಿಂತರೆ ಕೇಬಲ್, ಆಂಪ್ ಎರಡೂ ಸರಿ ಇವೆ, ತೊಂದರೆ ಪಿಕಪ್ ಮತ್ತು ಸ್ವಿಚ್ಚಿನ ಕಡೆಗಿದೆ. ಸೊನ್ನೆಯಲ್ಲೂ ಅಷ್ಟೇ ಸದ್ದು ಬಂದರೆ ಕೇಬಲ್ ಬದಲಿಸಿ ನೋಡಿ. ಆಮೇಲೂ ಬಂದರೆ ಜಾಕಿನ ಗ್ರೌಂಡ್ ಅಥವಾ ತಿರುಗಿಸುವ ನಾಬಿನ ಕೆಳಗಿರುವ ವಾಲ್ಯೂಮ್ ಪಾಟ್‌ನ ಗ್ರೌಂಡ್ ಕಾಲು ಬಿಟ್ಟುಕೊಂಡಿದೆ ಅಂತ ಅರ್ಥ.

ಆಮೇಲೆ ತಂತಿ ಮುಟ್ಟಿ. ಇಲ್ಲೊಂದು ತಪ್ಪು ತಿಳಿವಳಿಕೆ ಊರೆಲ್ಲ ಹಬ್ಬಿದೆ. ತಂತಿ ಮುಟ್ಟಿದರೆ ಸದ್ದು ಇಳಿಯುತ್ತದೆ ಅಂದರೆ ಗ್ರೌಂಡ್ ಇಲ್ಲ ಅಂತ ತಿಳಿಯುತ್ತಾರೆ. ನಿಜ ಇದಕ್ಕೆ ಪೂರ್ತಿ ಉಲ್ಟಾ. ಮನೆಯ ವೈರಿಂಗ್‌ನಿಂದ ಬರುವ ಸದ್ದನ್ನು ನಿಮ್ಮ ಮೈ ಹಿಡಿದು ಪಿಕಪ್‌ಗೆ ದಾಟಿಸುತ್ತಿರುತ್ತದೆ. ಗ್ರೌಂಡ್ ಆದ ತಂತಿಯನ್ನು ಮುಟ್ಟಿದಾಗ ನೀವೂ ಗ್ರೌಂಡ್ ಆಗುತ್ತೀರಿ, ಸದ್ದು ಇಳಿಯುತ್ತದೆ. ಇಳಿದರೆ ಒಳ್ಳೆಯದು. ಮುಟ್ಟಿದರೂ ಏನೂ ಬದಲಾಗದಿದ್ದರೆ ಬ್ರಿಡ್ಜಿನ ವೈರ್ ಬಿಟ್ಟಿದೆ. ಮುಟ್ಟಿದಾಗ ಸದ್ದು ಏರಿದರೆ ಜಾಕಿನಲ್ಲಿ ಸಿಗ್ನಲ್ ಮತ್ತು ಗ್ರೌಂಡ್ ಅದಲುಬದಲಾಗಿವೆ, ಅದನ್ನೇ ಮೊದಲು ನೋಡಿ. ನಿಮ್ಮದು ಒಮ್ಮೆ ಇಳಿಯುತ್ತದೆ, ಒಮ್ಮೆ ಇಲ್ಲ, ಟ್ರೆಮೊಲೊ ಒತ್ತಿದರೆ ಚರ್ ಅನ್ನುತ್ತದೆ. ಅಂದರೆ ವೈರ್ ಇದೆ, ಹಿಡಿತ ಇಲ್ಲ.

ಮೂರನೆಯದಾಗಿ, ಒಂದೊಂದೇ ಪಿಕಪ್ ಆಯ್ದು ಗಿಟಾರ್ ಹಿಡಿದು ನಿಂತಲ್ಲೇ ನಿಧಾನ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಜೋರು, ಇನ್ನೊಂದರಲ್ಲಿ ಹೆಚ್ಚುಕಮ್ಮಿ ಇಲ್ಲ ಅನ್ನುವಷ್ಟು ಇಳಿದರೆ ಅದು ಅಯಸ್ಕಾಂತದ ದಾರಿಯಲ್ಲಿ ಬರುವ ಹಂ, ಅಂದರೆ ಕರೆಂಟಿನ ಗುಂಯ್. ಆಂಪಿನ ಟ್ರಾನ್ಸ್‌ಫಾರ್ಮರ್, ಸ್ಟೆಬಿಲೈಸರ್, ಹಳೇ ಟ್ಯೂಬ್‌ಲೈಟಿನ ಚೋಕ್, ಇವೆಲ್ಲ ಇದನ್ನು ಚೆಲ್ಲುತ್ತವೆ. ವಿದೇಶದ ವಿಡಿಯೋಗಳಲ್ಲಿ 60 ಸೈಕಲ್ ಹಂ ಅನ್ನುತ್ತಾರೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಹಾಗಾಗಿ ಇನ್ನೂ ಸ್ವಲ್ಪ ಕೆಳಗಿನ ಸ್ವರದ ಗುಂಯ್. ತಿರುಗಿದರೂ ಬದಲಾಗದ, ಚೂಪಾದ ಜುಂಯ್ ಬೇರೆ ಜಾತಿ. ಅದು ವೈರಿಂಗ್‌ನಿಂದ, ರೆಗ್ಯುಲೇಟರಿನಿಂದ, ಅಗ್ಗದ ಎಲ್‌ಇಡಿ ಬಲ್ಬಿನಿಂದ ಗಾಳಿಯಲ್ಲಿ ಬರುತ್ತದೆ. ತಂತಿ ಮುಟ್ಟಿದರೆ ಇಳಿಯುವುದು ಇದೇ. ಈ ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ತಾಮ್ರದ ಟೇಪಿನ ವಿಚಾರಕ್ಕೆ ಬೇಕಾಗುತ್ತದೆ.

ಈಗ ಹಂಬಕರ್. ಗಿಬ್ಸನ್ ಕಂಪನಿಯಲ್ಲಿದ್ದ ಸೇತ್ ಲವರ್ 1955ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. ಉಪಾಯ ಸರಳ. ಎರಡು ಸುರುಳಿ, ಒಂದರ ಅಯಸ್ಕಾಂತದ ದಿಕ್ಕು ಇನ್ನೊಂದಕ್ಕೆ ವಿರುದ್ಧ, ಜೋಡಣೆಯ ದಿಕ್ಕೂ ವಿರುದ್ಧ. ತಂತಿಯ ದನಿಗೆ ಎರಡು ಸಲ ವಿರುದ್ಧ ಆಗುವುದರಿಂದ ಎರಡೂ ಸುರುಳಿಯ ದನಿ ಕೂಡಿಕೊಳ್ಳುತ್ತದೆ. ಹೊರಗಿನ ಹಂ ಸದ್ದಿಗೆ ಅಯಸ್ಕಾಂತದ ಹಂಗಿಲ್ಲ, ಅದಕ್ಕೆ ಜೋಡಣೆ ಒಂದೇ ಲೆಕ್ಕ. ಹಾಗಾಗಿ ಹಂ ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲ ಆದ ಹಾಗೆ ಅಲ್ಲೇ ನಿಂತುಬಿಡುತ್ತದೆ. ಇದರಲ್ಲಿ ಒಂದು ಸುರುಳಿಯ ಎರಡು ವೈರ್ ಅದಲುಬದಲಾದರೆ ಲೆಕ್ಕ ಪೂರ್ತಿ ತಿರುಗುತ್ತದೆ. ದನಿ ಕಳೆದುಹೋಗುತ್ತದೆ, ಹಂ ಕೂಡಿಕೊಳ್ಳುತ್ತದೆ. ತೆಳ್ಳನೆ ದನಿ, ಜೊತೆಗೆ ಸಿಂಗಲ್ ಕಾಯಿಲ್‌ಗಿಂತ ಜಾಸ್ತಿ ಗುಂಯ್. ನೀವು ಬರೆದಿರುವುದು ಇದನ್ನೇ.

ಹೇಗಾಯಿತು ಅಂದರೆ, ನೀವು ಹಾಕಿದ ಬಣ್ಣದ ಕ್ರಮ ಸೆಮೂರ್ ಡಂಕನ್ ಕಂಪನಿಯ ಪಿಕಪ್‌ನದ್ದು. ಅವರಲ್ಲಿ ಕಪ್ಪು ಸಿಗ್ನಲ್, ಬಿಳಿ ಮತ್ತು ಕೆಂಪು ಸೇರಿಸಬೇಕು, ಹಸಿರು ಮತ್ತು ಬರಿ ವೈರ್ ಗ್ರೌಂಡ್. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್, ಕಪ್ಪು ಮತ್ತು ಬಿಳಿ ಸೇರಿಸಬೇಕು, ಹಸಿರು ಮತ್ತು ಬರಿ ವೈರ್ ಗ್ರೌಂಡ್. ಡಿಮಾರ್ಜಿಯೊದ ಒಂದು ಸುರುಳಿಯ ಎರಡು ತುದಿ ಕೆಂಪು ಮತ್ತು ಕಪ್ಪು, ಇನ್ನೊಂದರದ್ದು ಬಿಳಿ ಮತ್ತು ಹಸಿರು. ನಿಮ್ಮ ಜೋಡಣೆಯಲ್ಲಿ ಕೆಂಪು-ಕಪ್ಪು ಸುರುಳಿ ತಲೆಕೆಳಗಾಗಿ ಸೇರಿಕೊಂಡಿದೆ. ಕಪ್ಪು ಇದ್ದ ಕಡೆ ಕೆಂಪು, ಕೆಂಪು ಇದ್ದ ಕಡೆ ಕಪ್ಪು ಹಾಕಿ. ಬೇರೇನೂ ಮುಟ್ಟಬೇಡಿ. ಹತ್ತು ನಿಮಿಷದ ಕೆಲಸ.

ಇಲ್ಲಿ ಮಲ್ಟಿಮೀಟರ್ ನಿಮ್ಮ ದಾರಿ ತಪ್ಪಿಸಬಹುದು. ಗಿಟಾರಿಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್ಲಿನ ಇನ್ನೊಂದು ತುದಿಯ ಪ್ಲಗ್ಗಿನ ತುದಿ ಮತ್ತು ತೋಳಿನ (ಹಿಂದಿನ ಉದ್ದ ಲೋಹದ ಭಾಗದ) ನಡುವೆ ಓಮ್ ಅಳೆದರೆ ಸಾಮಾನ್ಯ ಹಂಬಕರ್ 7ರಿಂದ 9 ಕಿಲೋ ಓಮ್ ತೋರಿಸುತ್ತದೆ, ಜೋರು ದನಿಯದ್ದಾದರೆ ಇನ್ನೂ ಮೇಲೆ. ಒಂದು ಸುರುಳಿ ತಲೆಕೆಳಗಾಗಿದ್ದರೂ ಮೀಟರ್ ಅದೇ ಅಂಕಿ ತೋರಿಸುತ್ತದೆ, ಯಾಕೆಂದರೆ ವೈರಿನ ಉದ್ದ ಬದಲಾಗಿಲ್ಲವಲ್ಲ. ಅಂಕಿ ಸರಿ ಬಂತು, ಹಾಗಾದರೆ ವೈರಿಂಗ್ ಸರಿ ಅನ್ನುವ ಹಾಗಿಲ್ಲ. ಮೀಟರ್ ಬೇರೆ ವಿಷಯ ಹೇಳುತ್ತದೆ. ಅರ್ಧದಷ್ಟು ಬಂದರೆ ಒಂದೇ ಸುರುಳಿ ಕೆಲಸ ಮಾಡುತ್ತಿದೆ. 250 ಅಥವಾ 500 ಕಿಲೋ ಓಮ್ ಬಂದರೆ ಪಿಕಪ್ ಎಲ್ಲೋ ತುಂಡಾಗಿದೆ, ನಿಮಗೆ ಕಾಣುತ್ತಿರುವುದು ಬರೀ ವಾಲ್ಯೂಮ್ ಪಾಟ್. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಸುಟ್ಟ ಅನುಮಾನ ಇನ್ನೂ ಉಳಿದಿದ್ದರೆ ಹೀಗೆ ಅಳೆದು ನೋಡಿ, ನೆಮ್ಮದಿ ಸಿಗುತ್ತದೆ. ಸಿಂಗಲ್ ಕಾಯಿಲ್ ಸುಮಾರು 5ರಿಂದ 7 ಕಿಲೋ ಓಮ್ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಪಿಕಪ್ ಆದ್ದರಿಂದ ಹಿಂದಿನ ಮಾಲೀಕರು ವೈರ್ ಬದಲಿಸಿರುವ ಸಾಧ್ಯತೆಯೂ ಇದೆ. ಬಣ್ಣ ನಂಬುವ ಹಾಗಿಲ್ಲ ಅನಿಸಿದರೆ ನಾಲ್ಕೂ ವೈರ್ ಬಿಡಿಸಿ, ಎರಡೆರಡರ ನಡುವೆ ಅಳೆಯಿರಿ. ಯಾವ ಜೋಡಿ ಸುಮಾರು 4 ಕಿಲೋ ಓಮ್ ತೋರಿಸುತ್ತದೋ ಅದು ಒಂದು ಸುರುಳಿ. ಉಳಿದೆರಡು ಇನ್ನೊಂದು. ಒಂದರ ಒಂದು ತುದಿಯನ್ನು ಇನ್ನೊಂದರ ಒಂದು ತುದಿಗೆ ಸೇರಿಸಿ ನುಡಿಸಿ ನೋಡಿ. ದನಿ ತುಂಬಿ ಬಂದು ಹಂ ಇಳಿದರೆ ಸರಿ. ಇಲ್ಲದಿದ್ದರೆ ಯಾವುದಾದರೂ ಒಂದು ಸುರುಳಿಯ ತುದಿಗಳನ್ನು ತಿರುಗಿಸಿ. ಬರಿ ವೈರ್ ಮಾತ್ರ ಯಾವಾಗಲೂ ಗ್ರೌಂಡಿಗೇ ಇರಲಿ. ಅದು ಪಿಕಪ್‌ನ ಲೋಹದ ತಳ ಮತ್ತು ಹೊದಿಕೆಯನ್ನು ಕಾಯುತ್ತದೆ, ಸುರುಳಿಗೆ ಸೇರಿದ್ದಲ್ಲ.

ಹಂಬಕರ್ ಸರಿ ಮಾಡಿದ ಮೇಲೆಯೇ ನಾಲ್ಕನೇ ಸ್ಥಾನಕ್ಕೆ ಬನ್ನಿ. ನಿಮ್ಮ ಹಳೇ ಪಿಕಪ್‌ಗಳು ಒಂದೇ ಕಾರ್ಖಾನೆಯಿಂದ ಜೊತೆಯಾಗಿ ಬಂದಿದ್ದವು. ಇಂಥ ಸೆಟ್‌ಗಳಲ್ಲಿ ಮಧ್ಯದ್ದನ್ನು ಬೇಕಂತಲೇ ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಇಟ್ಟಿರುತ್ತಾರೆ. ಅದಕ್ಕೇ ನೆಕ್ ಜೊತೆ ಸೇರಿದಾಗ ಅವೆರಡೂ ಹಂಬಕರ್ ಥರ ಸುಮ್ಮನಿರುತ್ತವೆ. ಬೇರೆ ಬೇರೆ ಕಂಪನಿಯದ್ದನ್ನು ಸೇರಿಸಿದಾಗ ಈ ಒಪ್ಪಂದ ಮುರಿಯುತ್ತದೆ. ಎಲ್ಲರಿಗೂ ಒಂದೇ ನಿಯಮ ಅಂತ ಇಲ್ಲ.

ನಿಮ್ಮದು ತೆಳ್ಳಗೂ ಇದೆ, ಹಂ ಕೂಡ ಇದೆ ಅಂದಿರಲ್ಲ, ಇದು ಕೆಟ್ಟ ಸುದ್ದಿ ಅನಿಸಬಹುದು. ನಿಜಕ್ಕೂ ಒಳ್ಳೆಯ ಸುದ್ದಿ. ತೆಳ್ಳಗಿದ್ದು ಹಂ ಇದ್ದರೆ ಅಯಸ್ಕಾಂತಗಳು ವಿರುದ್ಧ ಇವೆ, ಸುರುಳಿಗಳು ಒಂದೇ ಕಡೆಗಿವೆ ಅಂತ ಅರ್ಥ. ಒಂದು ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿದರೆ ದನಿಯೂ ತುಂಬಿ ಬರುತ್ತದೆ, ಹಂ ಕೂಡ ಸಾಯುತ್ತದೆ. ಒಂದೇ ಏಟಿಗೆ ಎರಡೂ. ತೆಳ್ಳಗಿದ್ದು ಹಂ ಇಲ್ಲದಿದ್ದರೆ ಮಾತ್ರ ಕಷ್ಟ, ವೈರ್ ತಿರುಗಿಸಿದರೆ ದನಿ ಬರುತ್ತದೆ, ಹಂ ವಾಪಸ್ ಬರುತ್ತದೆ, ಆಗ ಅಯಸ್ಕಾಂತಕ್ಕೇ ಕೈ ಹಾಕಬೇಕು.

ಯಾವ ಪಿಕಪ್‌ನ ವೈರ್ ತಿರುಗಿಸಬೇಕು? ಬ್ರಿಡ್ಜ್ ಮತ್ತು ಮಧ್ಯ ಸೇರುವ ಎರಡನೇ ಸ್ಥಾನ ಕೇಳಿ. ಅಲ್ಲಿ ದನಿ ತುಂಬಿದ್ದು ನಾಲ್ಕರಲ್ಲಿ ಮಾತ್ರ ತೆಳ್ಳಗಿದ್ದರೆ ತಪ್ಪು ನೆಕ್ ಪಿಕಪ್‌ನದ್ದು. ಎರಡೂ ಕಡೆ ತೆಳ್ಳಗಿದ್ದರೆ ಮಧ್ಯದ್ದು. ಎಲ್ಲ ಮುಗಿದ ಮೇಲೆ ಎರಡನೇ ಸ್ಥಾನ ಒಂದೇ ತೆಳ್ಳಗೆ ಉಳಿದರೆ ಹಂಬಕರ್‌ನ ಕೆಂಪು ಮತ್ತು ಹಸಿರು ಬದಲಿಸಿ, ಬರಿ ವೈರ್ ಇದ್ದಲ್ಲೇ ಇರಲಿ. ಎರಡನೇ ಸ್ಥಾನದಲ್ಲಿ ಮಧ್ಯದ ಸಿಂಗಲ್ ಕಾಯಿಲ್‌ನ ಹಂ ಸ್ವಲ್ಪ ಉಳಿಯುತ್ತದೆ. ಅದು ತಪ್ಪಲ್ಲ, ಪೂರ್ತಿ ಹಂಬಕರ್ ಜೊತೆ ಒಂದೇ ಸುರುಳಿ ಸೇರಿದರೆ ಹಾಗೇ.

ವೈರ್ ತಿರುಗಿಸಿದ ಮೇಲೆ ಆ ಪಿಕಪ್‌ನ ಮೇಲಿರುವ ಆರು ಅಯಸ್ಕಾಂತದ ಗುಂಡಿಗಳನ್ನು ಬೆರಳಲ್ಲಿ ಮುಟ್ಟಿ. ಟಿಕ್ ಅಂದು ಜುಂಯ್ ಅಂದರೆ ಸುರುಳಿಯ ಒಳತುದಿ ಈಗ ಸಿಗ್ನಲ್ ಕಡೆಗೆ ಬಂದಿದೆ. ಹಳೇ ಶೈಲಿಯ ಪಿಕಪ್‌ಗಳಲ್ಲಿ ಸುರುಳಿಯನ್ನು ನೇರ ಆ ಗುಂಡಿಗಳ ಮೇಲೇ ಸುತ್ತಿರುತ್ತಾರೆ, ಅದಕ್ಕೆ ಹೀಗೆ. ನುಡಿಸುವಾಗ ಬೆರಳು ತಾಗುವ ಅಭ್ಯಾಸ ಇಲ್ಲದಿದ್ದರೆ ಬಿಟ್ಟುಬಿಡಿ. ಕಿರಿಕಿರಿ ಆದರೆ ಆ ಪಿಕಪ್ಪನ್ನು ಮೊದಲಿನ ಹಾಗೇ ಇಟ್ಟು, ಉಳಿದ ಎರಡನ್ನು ತಿರುಗಿಸಿ. ಲೆಕ್ಕ ಅದೇ.

ಬೆಸುಗೆಗೆ ಬರೋಣ. 25 ವ್ಯಾಟ್ ಐರನ್ ಸ್ವಿಚ್ಚಿನ ಕಾಲಿಗೆ, ತೆಳು ವೈರಿಗೆ ಚೆನ್ನಾಗಿದೆ. ಪಾಟ್‌ನ ಬೆನ್ನಿಗೆ, ಸ್ಪ್ರಿಂಗ್ ಹಿಡಿಯುವ ಲೋಹದ ಪಟ್ಟಿಗೆ ಸಾಲದು. ಆ ಲೋಹ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಸೀಸ ಕರಗಿ ಮೇಲೆ ಗುಂಡಗೆ ಕೂರುತ್ತದೆ, ಅಡಿಗೆ ಹಿಡಿಯುವುದೇ ಇಲ್ಲ. ನೋಡಲು ಬೆಸುಗೆ, ಉಗುರಿನಲ್ಲಿ ಮೀಟಿದರೆ ಪಟ್ ಅಂತ ಎದ್ದು ಬರುತ್ತದೆ. ನಿಮ್ಮ ಚರ್ ಸದ್ದು ಇದೇ. ಗಿಟಾರಿನ ಬೆನ್ನಿನ ಮುಚ್ಚಳ ತೆಗೆಯಿರಿ, ಸ್ಪ್ರಿಂಗ್ ಸಿಕ್ಕಿಸಿದ ಪಟ್ಟಿಗೆ ಒಂದು ವೈರ್ ಬಂದಿರುತ್ತದೆ, ಬ್ರಿಡ್ಜಿನ ಗ್ರೌಂಡ್ ವೈರ್ ಅದೇ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಕಡೆ ಇಟ್ಟು, ಒಂದು ಕಡ್ಡಿ ಬ್ರಿಡ್ಜಿಗೆ, ಇನ್ನೊಂದು ಜಾಕಿನ ಗ್ರೌಂಡ್ ಭಾಗಕ್ಕೆ ಹಿಡಿದು ಟ್ರೆಮೊಲೊ ಒತ್ತಿ. ಬೀಪ್ ಕಡಿದು ಕಡಿದು ಬಂದರೆ ಕಳ್ಳ ಸಿಕ್ಕಿದ. ಸರಿಯಾದ ಗಿಟಾರಿನಲ್ಲಿ ಬೀಪ್ ನಿಲ್ಲಬಾರದು, ಓಮ್ ಅಳೆದರೆ 1ರ ಒಳಗೆ ಬರಬೇಕು.

60 ವ್ಯಾಟಿನ, ಚಪ್ಪಟೆ ಮೂತಿಯ ಐರನ್ ತನ್ನಿ, ಇಲ್ಲವೇ ಪರಿಚಯದ ಟಿವಿ ರಿಪೇರಿಯವರ ಹತ್ತಿರ ಅರ್ಧ ಗಂಟೆ ಕೇಳಿ ಪಡೆಯಿರಿ. ಬೆಸೆಯುವ ಜಾಗವನ್ನು ಮರಳು ಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ. ಮೊದಲು ಲೋಹಕ್ಕೆ ಸ್ವಲ್ಪ ಸೀಸ ಹರಿಸಿ, ವೈರಿಗೂ ಹಚ್ಚಿ, ಆಮೇಲೆ ಎರಡನ್ನೂ ಸೇರಿಸಿ. ಪಾಟ್‌ಗೆ ಮೂರು ನಾಲ್ಕು ಸೆಕೆಂಡು ಸಾಕು. ಕಮ್ಮಿ ವ್ಯಾಟಿನ ಐರನ್ ಇಟ್ಟು ಅರ್ಧ ನಿಮಿಷ ಒತ್ತುವುದೇ ಪಾಟ್ ಕೆಡಿಸುವ ದಾರಿ. ಒಳಗಿನ ಕಾರ್ಬನ್ ಪಟ್ಟಿ ಕಾದು, ತಿರುಗಿಸಿದಾಗ ಖರ್ ಖರ್ ಅನ್ನಲು ಶುರುವಾಗುತ್ತದೆ. ಆಸಿಡ್ ಇರುವ ಫ್ಲಕ್ಸ್ ಹತ್ತಿರ ತರಬೇಡಿ. ಸೀಸದ ವೈರಿನೊಳಗೇ ರೋಸಿನ್ ಇರುತ್ತದೆ, ಅದು ಸಾಕು. ಸ್ಪ್ರಿಂಗ್ ಪಟ್ಟಿಯ ಹತ್ತಿರ ಕೆಲಸ ಮಾಡುವಾಗ ಕನ್ನಡಕ ಹಾಕಿಕೊಳ್ಳಿ, ಕರಗಿದ ಸೀಸ ಸಿಡಿಯುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಮನೆ. ಸಿಂಗಲ್ ಕಾಯಿಲ್ ಅಂದರೆ 0.06 ಮಿ.ಮೀ. ದಪ್ಪದ ತಾಮ್ರದ ವೈರಿನ ಸಾವಿರಾರು ಸುತ್ತು. ಅದು ಸ್ವಲ್ಪ ಗುಂಯ್ ಅನ್ನುವುದು ಕಾಯಿಲೆ ಅಲ್ಲ, ಗುಣ. ಆದರೆ ಮನೆಯೊಳಗಿನ ಒಂದೇ ಒಂದು ವಸ್ತು ಅದನ್ನು ಹತ್ತು ಪಟ್ಟು ಮಾಡಬಹುದು. ಸಂಜೆ ಹೊತ್ತು ನುಡಿಸುತ್ತಾ ಒಂದೊಂದೇ ಸ್ವಿಚ್ ಆರಿಸಿ. ಫ್ಯಾನಿನ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ದೊಡ್ಡ ಅಪರಾಧಿ. ನಡುವಿನ ವೇಗದಲ್ಲಿ ಜುಂಯ್, ಪೂರ್ತಿ ವೇಗಕ್ಕೆ ಇಟ್ಟರೆ ತಣ್ಣಗೆ. ಹೆಜ್ಜೆ ಹೆಜ್ಜೆಯಾಗಿ ಟಕ್ ಟಕ್ ಅಂತ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಈ ತೊಂದರೆ ಕೊಡುವುದಿಲ್ಲ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಸದ್ದು ಏರಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್, ಗಿಟಾರಿನದ್ದೇನೂ ತಪ್ಪಿಲ್ಲ. ಲ್ಯಾಪ್‌ಟಾಪ್‌ಗೆ ಜೋಡಿಸಿ ನುಡಿಸುತ್ತೀರಾದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳಿ ನೋಡಿ. ಇನ್ನೂ ಅನುಮಾನ ಇದ್ದರೆ ಬ್ಯಾಟರಿಯ ಸಣ್ಣ ಹೆಡ್‌ಫೋನ್ ಆಂಪ್ ಒಂದನ್ನು ಕೇಳಿ ತಂದು, ಮನೆಯ ಮೇನ್ ಸ್ವಿಚ್ ಆರಿಸಿ ನುಡಿಸಿ. ಸದ್ದು ಪೂರ್ತಿ ಮಾಯವಾದರೆ ಅದು ಗೋಡೆಯೊಳಗಿಂದ ಬರುತ್ತಿದೆ.

ಅರ್ತಿಂಗ್ ಕೂಡ ನೋಡಿಸಿ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಅನ್ನಲಾಗದು. ನಿಮ್ಮ ಕಡೆಯದು ಮಳೆ ಕಮ್ಮಿಯ ಕಲ್ಲು ನೆಲ. ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿ ನಿಂತರೆ ಇದ್ದೂ ಇಲ್ಲದ ಹಾಗೆ. ಎಲೆಕ್ಟ್ರಿಷಿಯನ್ ಕರೆಸಿ ಫೇಸ್ ಮತ್ತು ಅರ್ತ್ ನಡುವೆ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಸಿ. ಮೊದಲನೆಯದು 230ರ ಹತ್ತಿರ, ಎರಡನೆಯದು ಕೆಲವೇ ವೋಲ್ಟ್ ಇರಬೇಕು. ಗುಂಡಿಗೆ ಆಗಾಗ ನೀರು ಹಾಕುವುದು ಹಿರಿಯರ ಕಾಲದ ಕೆಲಸ, ಈಗ ಯಾರೂ ಮಾಡುವುದಿಲ್ಲ. ತಂತಿ ಮುಟ್ಟಿದಾಗ ಜುಮ್ ಅಂದರೆ ಅವತ್ತೇ ನುಡಿಸುವುದು ನಿಲ್ಲಿಸಿ. ಮನೆಗೆ ಕರೆಂಟ್ ಸೋರಿದರೆ ತಾನೇ ಆರುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಇನ್ನೂ ಒಳ್ಳೆಯದು. ಇದು ಸದ್ದಿಗಲ್ಲ, ನಿಮಗೆ.

ಈಗ ತಾಮ್ರದ ಟೇಪ್. ನನ್ನ ಅಭಿಪ್ರಾಯ ಕೇಳಿದರೆ, ಮೇಲಿನದ್ದೆಲ್ಲ ಮಾಡಿದ ಮೇಲೂ ತಂತಿ ಬಿಟ್ಟಾಗ ಜುಂಯ್ ತುಂಬಾ ಇದ್ದರೆ ಹಾಕಿ, ಇಲ್ಲದಿದ್ದರೆ ಸುಮ್ನೆ ಖರ್ಚು. ಟೇಪ್ ತಡೆಯುವುದು ಆ ಚೂಪು ಜುಂಯ್ ಮಾತ್ರ. ತಿರುಗಿದಾಗ ಏರಿಳಿಯುವ 50 ಹರ್ಟ್ಸಿನ ಹಂ ಸದ್ದಿಗೆ ತಾಮ್ರ ಅಡ್ಡ ಬರುವುದಿಲ್ಲ, ತೂರಿಕೊಂಡು ಹೋಗುತ್ತದೆ. ಎಷ್ಟೋ ಜನ ಇಡೀ ಗಿಟಾರಿಗೆ ಟೇಪ್ ಅಂಟಿಸಿ, ಹಂ ಹೋಗಲಿಲ್ಲ ಅಂತ ಟೇಪನ್ನು ಬೈಯುತ್ತಾರೆ. ಹಾಕುವುದಾದರೆ ಅಂಟು ಕೂಡ ಕರೆಂಟ್ ಹರಿಸುವಂಥದ್ದನ್ನೇ ತನ್ನಿ. ತುಂಡು ತುಂಡಿಗೂ ಬೀಪ್ ಹೊಡೆಸಿ ನೋಡಿ, ಒಂದು ಕಡೆಯಿಂದ ಗ್ರೌಂಡಿಗೆ ವೈರ್ ಕೊಡಿ. ಕೊಡದಿದ್ದರೆ ಹಾಕಿಯೂ ಪ್ರಯೋಜನವಿಲ್ಲ. ಜಾಕ್ ಗುಂಡಿಯಲ್ಲಿ ಪ್ಲಗ್ ಹಾಕಿದಾಗ ಸಿಗ್ನಲ್ ಕಡೆಯ ತಗಡು ಒಳಗೆ ಬಾಗುತ್ತದೆ, ಅದು ತಾಮ್ರಕ್ಕೆ ತಾಗಿದರೆ ಗಿಟಾರ್ ಪೂರ್ತಿ ಮೌನ. ಅಲ್ಲಿ ಟೇಪಿನ ಮೇಲೆ ಇನ್ಸುಲೇಷನ್ ಟೇಪ್ ಹಾಕಿ.

ಗಿಟಾರಿನೊಳಗೆ ಗ್ರೌಂಡ್ ವೈರ್ ಎರಡು ದಾರಿಯಲ್ಲಿ ಹೋದರೆ ಗ್ರೌಂಡ್ ಲೂಪ್ ಆಗುತ್ತದೆ ಅಂತ ಹೆದರಿಸುವವರೂ ಇದ್ದಾರೆ. ಅಷ್ಟು ಸಣ್ಣ ಸುತ್ತಿನಿಂದ ಕೇಳುವಷ್ಟು ಸದ್ದು ಬರುವುದು ಅಪರೂಪ. ಅದಕ್ಕಾಗಿ ಪಾಟ್‌ಗಳ ನಡುವಿನ ವೈರ್ ಕತ್ತರಿಸಿ ಹೊಸ ತೊಂದರೆ ತಂದುಕೊಳ್ಳಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಸಿಂಗಲ್ ಕಾಯಿಲ್‌ನ ಹಂ ವೇದಿಕೆಯಲ್ಲಿ ಕಾಡಿದರೆ ಎರಡು ದಾರಿ. ಒಂದು, ಒಂದರ ಮೇಲೊಂದು ಎರಡು ಸುರುಳಿ ಇರುವ ನಾಯ್ಸ್‌ಲೆಸ್ ಪಿಕಪ್. ಹಂ ಹೋಗುತ್ತದೆ, ಸಿಂಗಲ್ ಕಾಯಿಲ್‌ನ ಆ ಗಾಜಿನಂಥ ಮೇಲ್ದನಿ ಸ್ವಲ್ಪ ಮಂಕಾಗುತ್ತದೆ, ಜೇಬೂ ಹಗುರಾಗುತ್ತದೆ. ಇನ್ನೊಂದು, ನಾಯ್ಸ್ ಗೇಟ್ ಪೆಡಲ್. ನುಡಿಸದೆ ಇರುವಾಗ ಸದ್ದು ಮುಚ್ಚುತ್ತದೆ, ನುಡಿಸುವಾಗ ಅಲ್ಲ. ಜಾಸ್ತಿ ಬಿಗಿ ಮಾಡಿದರೆ ಹಳೇ ಹಾಡುಗಳ ಉದ್ದನೆ ಸ್ವರದ ಬಾಲವನ್ನು ಕತ್ತರಿಸಿಬಿಡುತ್ತದೆ. ರಸಮಂಜರಿಯವರಿಗೆ ಅದು ಸರಿ ಹೋಗುವುದಿಲ್ಲ ಅಂತ ನನ್ನ ಅನಿಸಿಕೆ. ದೊಡ್ಡ ವೇದಿಕೆಯಲ್ಲಿ ಸೀರಿಯಲ್ ಲೈಟಿನ ಕಂಬದಿಂದ ಎರಡು ಹೆಜ್ಜೆ ದೂರ ನಿಂತು, ಆಂಪಿಗೆ ಬೆನ್ನು ಹಾಕುವ ಬದಲು ಸ್ವಲ್ಪ ಓರೆಯಾಗಿ ನಿಂತರೆ ದುಡ್ಡಿಲ್ಲದೆ ಅರ್ಧ ಕೆಲಸ ಆಗುತ್ತದೆ.

ಡಿಸ್ಟಾರ್ಷನ್‌ನಲ್ಲಿ ಕೀಂಯ್ ಅಂತ ಕಿರುಚಿದರೆ ಅದು ಬೇರೆ ವಿಷಯ, ಸುರುಳಿ ಸಡಿಲವಾಗಿ ಅದುರುವುದರಿಂದ ಬರುತ್ತದೆ. ಅದಕ್ಕೆ ಮೇಣದಲ್ಲಿ ಅದ್ದುತ್ತಾರೆ. ನೀವು ಹಾಗೆ ಬರೆದಿಲ್ಲ, ಹಾಗಾಗಿ ವಿಡಿಯೋ ನೋಡಿ ಮನೆಯಲ್ಲಿ ಮೇಣ ಕಾಯಿಸಲು ಹೋಗಬೇಡಿ. ಸುಮಾರು 65 ಡಿಗ್ರಿ ದಾಟಿದರೆ ಸುರುಳಿ ಸುತ್ತಿದ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುವ ಅಪಾಯ ಇದೆ, ನೇರ ಗ್ಯಾಸ್ ಮೇಲಿಟ್ಟರೆ ಮೇಣಕ್ಕೆ ಬೆಂಕಿ ಹತ್ತುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ಸ್ಪ್ರಿಂಗ್ ಪಟ್ಟಿಯ ಬೆಸುಗೆ, ಆಮೇಲೆ ಹಂಬಕರ್‌ನ ಕೆಂಪು-ಕಪ್ಪು, ಆಮೇಲೆ ನಾಲ್ಕನೇ ಸ್ಥಾನ. ಒಂದೊಂದು ಬದಲಾವಣೆಗೂ ಮುಚ್ಚಳ ಹಾಕುವ ಮೊದಲು ನುಡಿಸಿ ಕೇಳಿ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ. ಆಮೇಲೂ ಆಗದಿದ್ದರೆ ದಾವಣಗೆರೆಗೆ ಬನ್ನಿ, ಬಸ್ಸಿನಲ್ಲಿ ಎಷ್ಟೊತ್ತಿನ ದಾರಿ. ಬರುವಾಗ ನಿಮ್ಮದೇ ಕೇಬಲ್ ತನ್ನಿ, ತೆಗೆದಿಟ್ಟ ಹಳೇ ಪಿಕಪ್‌ಗಳನ್ನೂ ತನ್ನಿ. ಹಳೇ ಮಧ್ಯದ ಪಿಕಪ್ಪೇ ಹೊಸ ನೆಕ್ ಪಿಕಪ್ ಜೊತೆ ಚೆನ್ನಾಗಿ ಹೊಂದಿಕೊಂಡರೆ ಇನ್ನೊಂದು ಕೊಳ್ಳುವ ಖರ್ಚು ಉಳಿಯುತ್ತದೆ.